ಸಂಜೆಯ ಅಳತೆ

ಸಂಜೆಯೇ ಅಳೆಯಬೇಕು, ಎಂದಿದ್ದಳು ಪಕ್ಕದ ಮನೆ ಹೆಲ್ವೆ.
ದಿನವಿಡೀ ಓಡಿದ ಪಾದ ಸಂಜೆಗೆ ಚೂರು ಉಬ್ಬಿರುತ್ತದೆ,
ಬೆಳಗಿನ ಕಾಲನ್ನು ನಂಬಿ ಬೂಟು ತಂದರೆ
ಮಧ್ಯಾಹ್ನಕ್ಕೆ ಕಚ್ಚುತ್ತದೆ.
ನಾಳೆ ಮೊದಲ ಹಡಗಿಗೆ ಅವಳು ಹಾಪ್ಸಲುವಿಗೆ ಹೊರಟವಳು,
ಗಾಳಿ ಬಿಟ್ಟರೆ.
ಕಾಗದ ಕೊಟ್ಟು ಕಳಿಸು, ಮಗುವನ್ನು ಬೇಡ,
ಹಡಗು ಹತ್ತಿದರೆ ಅವಳಿಗೆ ವಾಂತಿ.

ಐಲಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ.
ಹಾಗಾಗಿ ನಾನು.

ನಾನು ದೋಣಿ ಕಟ್ಟುವವನು.
ಓಕ್ ಹಲಗೆಯನ್ನು ಕೂದಲೆಳೆ ತಪ್ಪದೆ ಅಳೆಯಬಲ್ಲೆ.
ಆದರೆ ಹಲಗೆ ಕಚಗುಳಿಗೆ ನಗುವುದಿಲ್ಲ,
ಕಿಟಕಿಯಾಚೆ ನರಿ ಬಂತೆಂದು ಸುಳ್ಳು ಹೇಳಿ
ಕಾಲೆಳೆದುಕೊಳ್ಳುವುದಿಲ್ಲ.

ಹಿಮ್ಮಡಿ ಗೋಡೆಗೆ ತಾಗಲಿ, ಮಿರ್ತೆಲ್.
ಕೂತಲ್ಲ, ನಿಂತು. ಎರಡೂ ಕಾಲಿನ ಮೇಲೆ ಭಾರ ಬಿಡು.
ಕೂತವರ ಪಾದವೇ ಬೇರೆ, ಮೈ ಹೊತ್ತ ಪಾದವೇ ಬೇರೆ.
ಪೆನ್ಸಿಲು ನೆಟ್ಟಗಿರಬೇಕು, ಹಾಯಿಗಂಬದ ಹಾಗೆ.
ವಾಲಿದರೆ ಗೆರೆ ಪಾದದಡಿ ನುಸುಳಿ
ಮಗು ಇದ್ದುದಕ್ಕಿಂತ ಸಣ್ಣದಾಗುತ್ತದೆ.

ನೂರ ಅರವತ್ತೆಂಟು ಮಿಲಿಮೀಟರ್.
ಸೆಪ್ಟೆಂಬರಿನಲ್ಲಿ ಐಲಿ ಬಾಗಿಲ ಹಿಂದೆ ಬರೆದಿಟ್ಟದ್ದು
ನೂರ ಎಪ್ಪತ್ತೊಂದು.
ಚಳಿಗೆ ಕುಗ್ಗುವುದು ಮರ. ಮಕ್ಕಳಲ್ಲ.

ಬಗ್ಗಿ ನೋಡಿದೆ.
ಐದೂ ಬೆರಳು ಒಳಗೆ ಮಡಚಿ
ಮುಷ್ಟಿ ಕಟ್ಟಿತ್ತು ಪಾದ.
ಹೆಬ್ಬೆರಳ ತುದಿ ಕೆಂಪು, ಉಗುರಿನ ಅಂಚು ಕಪ್ಪು.
ಎಷ್ಟು ದಿನದಿಂದ ಕಚ್ಚುತ್ತಿತ್ತೋ,
ಬಾಯಿ ಬಿಟ್ಟಿರಲಿಲ್ಲ.

ಬಾಗಿಲ ಬಳಿ ಆ ಬೂಟು:
ನೀಲಿ, ಬದಿಯಲ್ಲಿ ಹಿಮಸಾರಂಗದ ಚಿತ್ರ.
ತಾಂಪೆರೆಯಿಂದ ಪೆಟ್ಟಿಗೆಯಲ್ಲಿ ಬಂದದ್ದು,
ಅವಳಪ್ಪನ ಕೈಬರಹದ ವಿಳಾಸ ಹೊತ್ತು.
ಆಮೇಲೆ ಪೆಟ್ಟಿಗೆ ಬರಲಿಲ್ಲ.

ಅಳತೆ ಸುಳ್ಳು ಎನ್ನಲು ಬಾಯಿ ತೆರೆದೆ. ಮುಚ್ಚಿದೆ.
ಈ ಮನೆಗೆ ನಾನು ಬಂದು ಒಂದೂವರೆ ವರ್ಷ.
ಹಲ್ಲುಜ್ಜಿಸಿದ್ದೇನೆ, ಜಡೆ ಹೆಣೆದು ಬೈಸಿಕೊಂಡಿದ್ದೇನೆ,
ಅವಳ ಕಾಲು ಮುಟ್ಟಿದ್ದು ಇವತ್ತೇ ಮೊದಲು.

ಇನ್ನೊಂದು ಹಾಳೆ ತಂದೆ.
ಕಾಲುಚೀಲ ಕಳಚಿ ಅದರ ಮೇಲೆ ನಾನೇ ನಿಂತೆ.
ಬರಿ, ಎಂದೆ.

ಬರೆದಳು. ಮೊಣಕಾಲೂರಿ, ನಾಲಿಗೆಯ ತುದಿ ಕಚ್ಚಿ,
ದೋಣಿಯೊಂದರ ಸುತ್ತ ನಡೆದು ಬರುವವಳಂತೆ.
ಕಿರುಬೆರಳ ಹತ್ತಿರ ಪೆನ್ಸಿಲು ನಿಂತಿತು.
'ಇಲ್ಲಿ ಉಗುರೆಲ್ಲಿ?'
ಸುತ್ತಿಗೆ ತಿಂದಿತು.
'ನೋವಾಯ್ತಾ?'
ಆಯ್ತು.
'ಯಾರಿಗಾದರೂ ಹೇಳಿದೆಯಾ?'
ಹೇಳುವುದೇನು,
ಬಂದರಿನವರೆಗೂ ಕೇಳುವಂತೆ ಕೂಗಿದೆ.

ಅವಳು ನಗಲಿಲ್ಲ.
ಸ್ವಲ್ಪ ಹೊತ್ತು ಆ ಬೆರಳನ್ನೇ ನೋಡಿದಳು.
ನಾನು ಹಾಳೆಯಿಂದ ಇಳಿದೆ.
ಅವಳು ಏರಿದಳು, ಯಾರೂ ಕರೆಯದೆ,
ನನ್ನ ಹಿಮ್ಮಡಿಯ ಗೆರೆಗೆ ತನ್ನ ಹಿಮ್ಮಡಿ ಕೂಡಿಸಿ.
ಬೆರಳು ಒಂದೊಂದೇ ಬಿಚ್ಚಿಕೊಂಡವು,
ಕೊನೆಗೆ ಹೆಬ್ಬೆರಳು,
ಕಷ್ಟಪಟ್ಟು.

ಎಡಗಾಲು ನೂರ ಎಂಬತ್ತಮೂರು.
ಬಲದ್ದು ಮೂರು ಕಡಿಮೆ.
ದೊಡ್ಡದಕ್ಕೇ ಲೆಕ್ಕ; ಸಣ್ಣದು ಹೇಗೋ ಹೊಂದಿಕೊಳ್ಳುತ್ತದೆ.

ನೀಲಿ ಬೂಟಿನ ಮಾತು ಇಬ್ಬರೂ ಎತ್ತಲಿಲ್ಲ.
ದಿನದಂತೆ ಅದರೊಳಗೆ ಹಳೆ ಪತ್ರಿಕೆ ತುರುಕಿ
ಒಲೆಯ ಪಕ್ಕ ಒಣಗಲಿಟ್ಟೆ.

ಮರುದಿನ ಗಾಳಿ ಬಿಟ್ಟಿತು.
ಅಂಟು ಮೆತ್ತಿದ ಕೈಯಲ್ಲಿ ಫೋನೆತ್ತಿದರೆ ಹೆಲ್ವೆ:
'ಇದೇನಯ್ಯಾ ತಾರ್ಮೋ,
ಒಂದು ಕಾಲಿನ ಹೊಟ್ಟೆಯಲ್ಲಿ ಇನ್ನೊಂದು ಕಾಲು!
ಅಂಗಡಿಯವಳು ಬಿದ್ದು ಬಿದ್ದು ನಗುತ್ತಿದ್ದಾಳೆ.
ಯಾವುದಕ್ಕೆ ತರಲಿ?'

ಒಳಗಿನದಕ್ಕೆ, ಎಂದೆ.
ಮುಂದೆ ಒಂದು ಬೆರಳು ಜಾಗ ಬಿಟ್ಟು.